ಮೂರು ದಿನ ಕಟ್ಟಿ ನೋಡಿ ಕೊಂಡ ವಾಚು

ರಾಯಚೂರು, 16 ನವೆಂಬರ್ 2024, ಶನಿವಾರ

ಇವತ್ತು ವಾಚಿನ ಹಣ ಕೊಟ್ಟು ಮುಗಿಸಿದೆ. ವಾಚಿಗೆ 4,500 ರೂಪಾಯಿ, ಬಿಚ್ಚಿ ತೊಳೆದು ಎಣ್ಣೆ ಹಾಕಿದ್ದಕ್ಕೆ 600. ಕಾಲೇಜು ಮಧ್ಯಾಹ್ನಕ್ಕೇ ಬಿಟ್ಟಿತ್ತು. ರಾಜೇಂದ್ರ ಗಂಜ್ ಕಡೆ ಹತ್ತಿಯ ಲಾರಿಗಳು ಸಾಲುಗಟ್ಟಿದ್ದರಿಂದ ಆಟೋದವನು ಸುತ್ತು ಹಾಕಿಕೊಂಡು ಹೋದ. ತೀನ್ ಕಂದೀಲ್ ಹತ್ತಿರ ಇಳಿಯುವಷ್ಟರಲ್ಲಿ ಸೆರಗಿನ ತುಂಬ ಹತ್ತಿಯ ಎಳೆ. ವಾಚು ರಿಪೇರಿ ಮಾಡುವ ಚಾಚಾ ಅವರ ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ತಲೆಯ ಹತ್ತಿರಕ್ಕೇ ಇಳಿಬಿಟ್ಟ ಒಂದು ಬಲ್ಬು. ಗಿರಾಕಿಗಳು ನಿಂತೇ ಮಾತನಾಡಬೇಕು. ನಾನು ಅಲ್ಲಿ ನಿಂತುಕೊಂಡು ಕಳೆದ ಕೆಲವು ತಿಂಗಳಲ್ಲಿ ಕಲಿತದ್ದನ್ನು ಬರೆದಿಡಬೇಕು ಎಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

ಮೇ ತಿಂಗಳಲ್ಲಿ ಮೊಬೈಲಿನಲ್ಲಿ ನೋಡಿ 1,900 ರೂಪಾಯಿಗೆ ಜಪಾನಿನ ಸೀಕೋ ಕಂಪನಿಯ ಒಂದು ಹಳೆಯ ಸೀಕೋ 5 ವಾಚು ತರಿಸಿದ್ದೆ. ನೀಲಿ ಡಯಲ್, ಕನ್ನಡಿಯಂತೆ ಹೊಳೆಯುವ ಕೇಸ್. ಬಂದ ದಿನ ಮನೆಯವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಸೆಪ್ಟೆಂಬರ್‌ನಲ್ಲಿ ನಾನು ಎರಡನೇ ಪಿಯುಸಿಗೆ ಪಾಠ ಮಾಡುತ್ತಿದ್ದಾಗ ನಡುವೆಯೇ ನಿಂತುಹೋಯಿತು. ಚಾಚಾ ಅದನ್ನು ಕೈಗೆ ತೆಗೆದುಕೊಂಡರು. ಹಿಂಬದಿ ಬಿಚ್ಚುವ ಮೊದಲೇ ಡಯಲ್ಲನ್ನು ಬೆಳಕಿಗೆ ಹಿಡಿದು, "ಮೇಡಂ, ಏಳರ ಹತ್ತಿರ ನಿಮಿಷದ ಗೀಟು ನೋಡಿ" ಎಂದರು. ಗೀಟು ವಾಲಿತ್ತು. ಅಕ್ಷರಗಳ ಅಂಚು ಮಸಿ ಹೀರಿದ ಕಾಗದದಲ್ಲಿ ಬರೆದಂತೆ ಹರಡಿತ್ತು. ಡಯಲ್ಲಿನ ಮೇಲೆ 21 ಜ್ಯೂವೆಲ್ ಎಂದು ಬರೆದಿದೆ. ಒಳಗೆ ಇದ್ದದ್ದು 7009 ಯಂತ್ರ, ಅದಕ್ಕೆ 17 ಜ್ಯೂವೆಲ್. ಜ್ಯೂವೆಲ್ ಎಂದರೆ ಚಕ್ರಗಳ ಅಚ್ಚಿನ ತುದಿಗಳು ಸವೆಯದಂತೆ ಕೂರಿಸುವ ಕೃತಕ ಮಾಣಿಕ್ಯದ ಹರಳು. ಹೆಚ್ಚು ಹರಳು ಎಂದು ಬರೆದರೆ ಹೆಚ್ಚು ಬೆಲೆ ಬರುತ್ತದೆ ಎಂದು ಯಾರೋ ಡಯಲ್ಲಿಗೆ ಹೊಸದಾಗಿ ಬಣ್ಣ ಬಳಿದು ಬರೆಸಿದ್ದಾರೆ. ಹಿಂಬದಿ ಬಿಚ್ಚಿದಾಗ ರಬ್ಬರ್ ರಿಂಗು ಇರಲೇ ಇಲ್ಲ. ಯಂತ್ರದ ಅಂಚಿನಲ್ಲಿ ಬಿಳಿ ಪುಡಿ. ಚಾಚಾ ಅದನ್ನು ಉಗುರಿನ ಮೇಲೆ ತೆಗೆದು ಉಜ್ಜಿ ನೋಡಿ ನನ್ನ ಬೆರಳುಗಳನ್ನು ನೋಡಿದರು. ಸೀಮೆಸುಣ್ಣ! ಅಮ್ಮನ ಹಾಗೆ ನಾನೂ ಬಲಗೈಗೇ ವಾಚು ಕಟ್ಟುತ್ತೇನೆ. ನಾಲ್ಕು ತಿಂಗಳು ಬೋರ್ಡಿನ ಮೇಲೆ ಬರೆದ ಸೂತ್ರಗಳೆಲ್ಲ ಪುಡಿಯಾಗಿ ಅದರೊಳಗೆ ಹೋಗಿದ್ದವು.

ಬೇಸರಕ್ಕಿಂತ ಹೆಚ್ಚಾಗಿ ಕುತೂಹಲ ಹುಟ್ಟಿದ್ದು ಅವತ್ತು. ಅಂದಿನಿಂದ ನಾನು ಡಯಲ್ಲಿನ ಅಂದ ನೋಡುವುದನ್ನು ಬಿಟ್ಟೆ. ಹಳೆಯ ಡಯಲ್ಲು ಸ್ವಲ್ಪ ಮಂಕಾಗಿರಬೇಕು, ಮುಳ್ಳುಗಳ ಮೇಲಿನ ಹಸಿರು ಬಣ್ಣ ಸ್ವಲ್ಪ ಹಳದಿಗೆ ತಿರುಗಿರಬೇಕು. ಅದು ವಯಸ್ಸಾದ ಮುಖದ ಹಾಗೆ, ನಂಬಬಹುದು. ನಲವತ್ತು ವರ್ಷದ ವಾಚು ನಿನ್ನೆ ಪೇಂಟ್ ಮಾಡಿದಂತೆ ಕಂಡರೆ ನಿಜಕ್ಕೂ ನಿನ್ನೆಯೇ ಪೇಂಟ್ ಮಾಡಿರುತ್ತಾರೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ಹೊಳೆಯಿತು. ಕಡಿಮೆ ಬೆಲೆಯ ಆಟೋಮ್ಯಾಟಿಕ್ ವಾಚು, ಅಂದರೆ ಕೈ ಬೀಸಾಟದಿಂದಲೇ ಕೀಲಿ ತಿರುಗುವ ವಾಚು ಬೇಕೆಂದರೆ ಮೊದಲು ಅದನ್ನು ಬಿಚ್ಚಬಲ್ಲವರನ್ನು ಹುಡುಕಿಕೊಳ್ಳಬೇಕು, ವಾಚನ್ನು ಆಮೇಲೆ. ಬೆಂಗಳೂರಿನಲ್ಲಿ ಇರುವವರ ಮಾತು ಬೇರೆ. ನಮ್ಮ ಊರಲ್ಲಿ ಬ್ಯಾಟರಿ ಬದಲಿಸುವವರು ಬೀದಿಗೊಬ್ಬರು ಸಿಗುತ್ತಾರೆ. ಹೇರ್‌ಸ್ಪ್ರಿಂಗ್ ಎಂಬ ಕೂದಲೆಳೆಯಂಥ ಸುರುಳಿಯನ್ನು ಮುಟ್ಟುವ ಕೈಗಳನ್ನು ನಾನು ಕಂಡದ್ದು ಇದೊಂದೇ ಅಂಗಡಿಯಲ್ಲಿ.

ಚಾಚಾ ವಾಚು ಮಾರುವವರಲ್ಲ. ಆದರೆ ಮಾರಬೇಕೆಂದವರು ಅವರ ಬಳಿ ಇಟ್ಟು ಹೋಗುತ್ತಾರೆ. ಈ ತಿಂಗಳ ಮೊದಲಲ್ಲಿ ಎರಡು ಬಂದಿದ್ದವು: ಒಂದು ಎಚ್‌ಎಂಟಿ ಕಾಂಚನ್, ಇನ್ನೊಂದು ಗಲ್ಫ್‌ನಿಂದ ಮರಳಿದವರೊಬ್ಬರ ಸೀಕೋ 5.

ಕಾಂಚನ್ ನೋಡಿದಾಗ ಎದೆ ಒಂದು ಕ್ಷಣ ಆ ಕಡೆ ವಾಲಿತು. ನಮ್ಮ ಕಡೆ ವರೋಪಚಾರದಲ್ಲಿ ಅಳಿಯನಿಗೆ ಕೊಡುತ್ತಿದ್ದ ವಾಚು ಅದು. ನಮ್ಮ ದೊಡ್ಡಪ್ಪನ ಮದುವೆಯ ಫೋಟೋದಲ್ಲಿ ಅವರು ಅಂಗಿಯ ತೋಳು ಮಡಚಿ ಕೂತಿರುವುದು ಅದೊಂದು ಕಾಣಲಿ ಎಂದೇ. ದಿನದ ಹೆಸರು ಹಿಂದಿಯಲ್ಲಿ, 21 ಜ್ಯೂವೆಲ್, ಕೀಲಿ ಕೊಡುವ ಗೋಜಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚಿನ ಕಾರ್ಖಾನೆ ಶುರುವಾಯಿತು, ಮುಂದೆ ತುಮಕೂರಿನಲ್ಲೂ ವಾಚು ತಯಾರಾದವು. ನಮ್ಮ ನಾಡಿನಲ್ಲೇ ಹುಟ್ಟಿದ ಯಂತ್ರ ಎಂಬ ಮಮತೆ ನನಗೆ ಇದ್ದೇ ಇದೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿದ ಸುದ್ದಿ ಓದಿದ ದಿನ ಅಪ್ಪ ತಮ್ಮ ಎಚ್‌ಎಂಟಿ ಜನತಾ ವಾಚಿಗೆ ಕೀಲಿ ಕೊಟ್ಟು ಕಿವಿಗೆ ಹಿಡಿದು ಕೂತಿದ್ದರು.

ಚಾಚಾ ಮಾತ್ರ ತಲೆ ಅಲ್ಲಾಡಿಸಿದರು. ಅವರ ಹತ್ತಿರ ಬಿಸ್ಕತ್ತಿನ ಒಂದು ತಗಡಿನ ಡಬ್ಬಿ ಇದೆ, ತುಂಬ ಸತ್ತ ಎಚ್‌ಎಂಟಿ ಯಂತ್ರಗಳು. ಅದರಲ್ಲಿ ಬೆರಳಾಡಿಸಿ ತೋರಿಸಿದರು. "ಕೈಯಿಂದ ಕೀಲಿ ಕೊಡುವ ಜನತಾ, ಪೈಲಟ್, ಇವಕ್ಕೆ ಎಷ್ಟು ಬೇಕಾದರೂ ಸಾಮಾನಿದೆ. ಆಟೋಮ್ಯಾಟಿಕ್ ಸಾಮಾನು ಎರಡೋ ಮೂರೋ ಅಷ್ಟೆ. ಅವು ಮುಗಿದ ಮೇಲೆ ನಾನು ಏನು ಹಾಕಲಿ?" ಆ ಕಾಂಚನ್ ವಾಚಿನ ರೋಟರ್, ಅಂದರೆ ಒಳಗೆ ತೂಗಿ ಕೀಲಿ ತಿರುಗಿಸುವ ತೂಕದ ತುಂಡು, ಅಲುಗಾಡಿ ಹಿಂಬದಿಯನ್ನು ಉಜ್ಜಿದ ಗುರುತು ಕೂಡ ಇತ್ತು, ಮುಚ್ಚಳದ ಒಳಮೈಯಲ್ಲಿ ಅರ್ಧಚಂದ್ರದ ಗೀರು. ಕೈಬಿಟ್ಟೆ. ದಿನಾ ಕಟ್ಟಲು ಅಲ್ಲ, ಪೆಟ್ಟಿಗೆಯಲ್ಲಿ ಇಡಲು ಎನ್ನುವವರು ಅದನ್ನು ಕೊಳ್ಳಲಿ, ಅದಕ್ಕೆ ಆ ಮರ್ಯಾದೆ ಸಲ್ಲಬೇಕು.

ಸೀಕೋ 5 ಎಂಬ ಹೆಸರು 1963ರಷ್ಟು ಹಳೆಯದು. ತಾನಾಗಿ ಕೀಲಿ ತಿರುಗುವುದು, ದಿನ ಮತ್ತು ತಾರೀಖು ಒಂದೇ ಕಿಟಕಿಯಲ್ಲಿ, ನೀರು ತಡೆಯುವುದು, ನಾಲ್ಕು ಗಂಟೆಯ ಜಾಗದಲ್ಲಿ ಅಡಗಿ ಕೂತ, ಸಮಯ ತಿದ್ದುವ ಗುಂಡಿ, ಗಟ್ಟಿ ಕೇಸು ಮತ್ತು ಚೈನು: ಆ ಐದು ಗುಣಗಳಿಗೆ ಐದು. ನೀರಿನ ಮಾತನ್ನು ಮಾತ್ರ ಹಳೆಯ ವಾಚಿನಲ್ಲಿ ನಂಬಬಾರದು, ರಬ್ಬರ್ ಹಳತಾದ ಮೇಲೆ ಮುಚ್ಚಳದ ಮೇಲಿನ ಬರಹದಿಂದ ನೀರು ನಿಲ್ಲುವುದಿಲ್ಲ. ಗಲ್ಫ್‌ನಿಂದ ಬಂದ ಈ ವಾಚಿನೊಳಗೆ ಇರುವುದು 7ಎಸ್26 ಎಂಬ ಯಂತ್ರ. 1996ರಿಂದ ಅಸಂಖ್ಯ ವಾಚುಗಳಲ್ಲಿ ಕೂತದ್ದು, ಆದ್ದರಿಂದ ಬಿಡಿಭಾಗ ಸಿಗುತ್ತದೆ, ತೀರಾ ಕೆಟ್ಟರೆ ಇಡೀ ಯಂತ್ರವನ್ನೇ ಬದಲಿಸಬಹುದು. ಕೈಯಿಂದ ಕೀಲಿ ಕೊಡುವ ವ್ಯವಸ್ಥೆಯೇ ಇಲ್ಲ; ನಿಂತಿದ್ದರೆ ಇಪ್ಪತ್ತು ಮೂವತ್ತು ಸಲ ಪಕ್ಕಕ್ಕೆ ತೂಗಿ ಕಟ್ಟಿಕೊಳ್ಳಬೇಕು.

ಹಿಂಬದಿಯ ಸಂಖ್ಯೆ 8ಎನ್ ಎಂದು ಶುರುವಾಗುತ್ತದೆ. ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಸೆಪ್ಟೆಂಬರ್‌ವರೆಗೆ ಅಂಕಿ, ನವೆಂಬರ್‌ಗೆ ಎನ್, ಡಿಸೆಂಬರ್‌ಗೆ ಡಿ. ಹಾಗಾದರೆ 1998ರ ನವೆಂಬರೋ, 2008ರದೋ, 2018ರದೋ? ಸಂಖ್ಯೆಯಿಂದ ಅಷ್ಟೇ ಗೊತ್ತಾಗುವುದು. ವಾಚಿನ ಒಡೆಯರೇ ಅವತ್ತು ಅಂಗಡಿಗೆ ಬಂದಿದ್ದರು. ದಮ್ಮಾಮ್‌ನಲ್ಲಿ ದುಡಿಯುತ್ತಿದ್ದಾಗ, ಎರಡನೇ ಮಗಳು ಹುಟ್ಟಿದ ಸುದ್ದಿ ಬಂದ ವಾರ ಕೊಂಡದ್ದಂತೆ. ಆ ಮಗಳು ಈಗ ಎಸ್‌ಎಸ್‌ಎಲ್‌ಸಿ. ಅಂದರೆ 2008. ದಿನದ ಹೆಸರು ಇಂಗ್ಲಿಷ್‌ನಲ್ಲೂ ಅರಬ್ಬಿಯಲ್ಲೂ ಬರುವುದಕ್ಕೆ ದಮ್ಮಾಮ್‌ನಲ್ಲಿ ಕೊಂಡದ್ದೇ ಕಾರಣ. "ಯಾಕೆ ಮಾರುತ್ತಿದ್ದೀರಿ?" ಎಂದು ಕೇಳಿದೆ. ಕೇಳಬಾರದಿತ್ತೇನೋ. "ಕೈ ನಡುಗುತ್ತದೆ, ಮೊಬೈಲಿನಲ್ಲೇ ನೋಡಿಕೊಳ್ಳುತ್ತೇನೆ ಅಮ್ಮಾ" ಎಂದರು. ಬೆಲೆ ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ.

ಮಂಗಳವಾರ ಸಂಜೆ ಚಾಚಾ ವಾಚನ್ನು ನನ್ನ ಕೈಗೇ ಕೊಟ್ಟು, "ಹಣ ಆಮೇಲೆ. ಮೂರು ದಿನ ಕಟ್ಟಿ ನೋಡಿ ಬನ್ನಿ" ಎಂದರು. ದಿನಾ ಬೆಳಿಗ್ಗೆ ಏಳಕ್ಕೆ ಮೊಬೈಲಿನ ಸಮಯಕ್ಕೆ ಹೋಲಿಸಿ ಬರೆದೆ. ಬುಧವಾರಕ್ಕೆ 12 ಸೆಕೆಂಡು ಮುಂದೆ, ಗುರುವಾರಕ್ಕೆ ಮತ್ತೆ 14. ಗುರುವಾರ ರಾತ್ರಿ ಡಯಲ್ ಮೇಲೆ ಮಾಡಿ ಮಲಗಿಸುವ ಬದಲು ಗುಂಡಿ ಮೇಲೆ ಬರುವಂತೆ ಅಂಚಿನ ಮೇಲೆ ನಿಲ್ಲಿಸಿದೆ. ಶುಕ್ರವಾರಕ್ಕೆ 7 ಮಾತ್ರ. ಹಿಂದೆ ಮುಂದೆ ಆಡುತ್ತಾ ಸಮಯ ಅಳೆಯುವ ಬ್ಯಾಲೆನ್ಸ್ ಚಕ್ರದ ಮೇಲೆ ಗುರುತ್ವ ಬೇರೆ ಬೇರೆ ಭಂಗಿಯಲ್ಲಿ ಬೇರೆ ಬೇರೆ ರೀತಿ ಎಳೆಯುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕಂಡದ್ದು ಈಗ. ಈ ಯಂತ್ರ ಸೆಕೆಂಡಿಗೆ 6 ಬಡಿತ ಬಡಿಯುತ್ತದೆ, ದಿನಕ್ಕೆ 5,18,400. ಕಂಪನಿಯೇ ಹೇಳುವ ಮಿತಿ ದಿನಕ್ಕೆ 20 ಸೆಕೆಂಡು ಹಿಂದೆ, 40 ಸೆಕೆಂಡು ಮುಂದೆ. ಹದಿನಾಲ್ಕು ಸೆಕೆಂಡು ಎಂದರೆ ದಿನದ ಶೇಕಡಾ 0.016. ಬ್ಯಾಟರಿ ವಾಚು ಇದಕ್ಕಿಂತ ಎಷ್ಟೋ ನಿಖರ, ಒಪ್ಪುತ್ತೇನೆ. ಆದರೆ ಹದಿನಾರು ವರ್ಷ ಒಬ್ಬರ ಕೈ ಬೀಸಾಟದಿಂದಲೇ ಓಡಿದ ಯಂತ್ರ ಇಷ್ಟು ಹತ್ತಿರ ಬರುವುದು ನನಗೆ ದೊಡ್ಡ ಸಂಗತಿ.

ಇದರ ಹಿಂಬದಿ ಗಾಜಿನದು. ಭೂತಕನ್ನಡಿ ಹಿಡಿದು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಅರ್ಧಚಂದ್ರದ ರೋಟರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗುತ್ತದೆ. ಅದರ ಪಕ್ಕದಲ್ಲಿ ಇಕ್ಕಳದಂತೆ ಎರಡು ಕೊಕ್ಕೆಗಳಿರುವ ಪುಟ್ಟ ಸನ್ನೆ. 1959ರಲ್ಲಿ ಸೀಕೋ ರೂಪಿಸಿದ್ದು ಇದು, ಮ್ಯಾಜಿಕ್ ಲಿವರ್ ಎಂದೇ ಹೆಸರು. ರೋಟರ್ ಎಡಕ್ಕೆ ಹೋದಾಗ ಒಂದು ಕೊಕ್ಕೆ ಹಲ್ಲಿನ ಚಕ್ರವನ್ನು ಎಳೆಯುತ್ತದೆ, ಇನ್ನೊಂದು ಹಲ್ಲುಗಳ ಮೇಲೆ ಸುಮ್ಮನೆ ಜಾರುತ್ತದೆ. ಬಲಕ್ಕೆ ಹೋದಾಗ ಜಾರಿದ್ದು ತಳ್ಳುತ್ತದೆ, ಎಳೆದದ್ದು ಜಾರುತ್ತದೆ. ರೋಟರ್ ಯಾವ ಕಡೆ ಹೋದರೂ ಚಕ್ರ ತಿರುಗುವುದು ಒಂದೇ ದಿಕ್ಕಿಗೆ. ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಕರೆಂಟನ್ನು ಒಂದೇ ಕಡೆಗೆ ಬಿಡುವ ನಾಲ್ಕು ಡಯೋಡ್ ಬರೆದು ಹೇಳುವ ಪೂರ್ಣ ತರಂಗ ರೆಕ್ಟಿಫಯರ್ ಇದೇ ಅಲ್ಲವೇ! ಹಿಂದೆ ಮುಂದೆ ಓಡಾಡುವುದನ್ನು ಒಂದೇ ದಿಕ್ಕಿಗೆ ಹರಿಸುವುದು. ಶುಕ್ರವಾರ ತರಗತಿಗೆ ವಾಚನ್ನೂ ಭೂತಕನ್ನಡಿಯನ್ನೂ ಒಯ್ದೆ. ಸಾಲಾಗಿ ಬಂದು ನೋಡಿದರು. ಮಾನ್ವಿ ಕಡೆಯಿಂದ ಬರುವ ಹುಡುಗಿಯೊಬ್ಬಳು ಎಲ್ಲರೂ ಹೋದ ಮೇಲೆ ಮತ್ತೆ ಬಂದು, "ಮಿಸ್, ಕೊಕ್ಕೆ ಸವೆದರೆ?" ಎಂದು ಕೇಳಿದಳು. ಎಷ್ಟು ಒಳ್ಳೆಯ ಪ್ರಶ್ನೆ. ಇವತ್ತು ಅದನ್ನೇ ಚಾಚಾ ಅವರನ್ನು ಕೇಳಿದೆ. "ಎಣ್ಣೆ ಒಣಗಿದಾಗಲೇ ಸವೆಯುವುದು. ನಾಲ್ಕೈದು ವರ್ಷಕ್ಕೊಮ್ಮೆ ತಂದರೆ ಅವಳ ಮಕ್ಕಳೂ ನೋಡಬಹುದು" ಎಂದರು. ಹೊಸ ರಬ್ಬರ್ ರಿಂಗು ಹಾಕಿದ್ದಾರೆ. ಆದರೂ ತರಗತಿ ಮುಗಿದ ಕೂಡಲೇ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು, ಆಯಸ್ಕಾಂತ ಇರುವ ಮೊಬೈಲ್ ಕವರಿನ ಹತ್ತಿರ ಇಡಬಾರದು ಎಂದು ಎರಡೆರಡು ಸಲ ಹೇಳಿ ಕಳಿಸಿದರು.

ಹಳೆಯ ನೀಲಿ ವಾಚನ್ನು ಅವರ ಬಳಿಯೇ ಬಿಟ್ಟು ಬಂದೆ. ಅದರ 17 ಹರಳುಗಳಾದರೂ ಯಾರ ವಾಚಿಗಾದರೂ ಆಗಲಿ.

ಈಗ ರಾತ್ರಿ 11 ಗಂಟೆ 50 ನಿಮಿಷ. ಒಂಬತ್ತರ ನಂತರ ಬೆಳಗಿನ ಜಾವದವರೆಗೆ ತಾರೀಖನ್ನು ಕೈಯಿಂದ ಬದಲಿಸಬಾರದು, ಆ ಹೊತ್ತಿನಲ್ಲಿ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ಬರೀ ನೋಡಬಹುದು. ಕಿಟಕಿಯಲ್ಲಿ 16 ಮೇಲಕ್ಕೆ ಸರಿಯುತ್ತಿದೆ, ಕೆಳಗಿನಿಂದ 17ರ ತಲೆ ಇಣುಕುತ್ತಿದೆ. ಭಾನುವಾರದ ಹೆಸರು ಇಂಗ್ಲಿಷ್‌ನಲ್ಲಿ ಬಂದು ನಿಲ್ಲುವ ಮೊದಲು ಸ್ವಲ್ಪ ಹೊತ್ತು ಅರಬ್ಬಿಯಲ್ಲಿ ಕಾಣಿಸಿಕೊಳ್ಳುತ್ತದಂತೆ. ಅದನ್ನು ನೋಡಿಯೇ ಮಲಗುತ್ತೇನೆ.