ಮುಂದಿನ ಭಾನುವಾರ ಮತ್ತೆ ಕ್ಲಾಸು

ಮುಂದಿನ ಭಾನುವಾರ ಜಿಲ್ಲಾ ಕೇಂದ್ರದ ಮೆಡಿಕಲ್ ಕಾಲೇಜಿನಲ್ಲಿ ಸಿಎಂಇ, ಅಂದ್ರೆ ವೈದ್ಯರಿಗೆ ಮುಂದುವರಿದ ಕಲಿಕೆಯ ಕ್ಲಾಸು, ಇದೆ, ಹಾವು ಕಡಿತದ ಬಗ್ಗೆ. ಹೆಸರು ಕೊಟ್ಟಾಯ್ತು. ವೈದ್ಯರು 5 ವರ್ಷಕ್ಕೆ 30 ಗಂಟೆಯಾದರೂ ಹೀಗೆ ಕೂತು ಕಲಿಯಬೇಕು ಅಂತ 2002ರ ನಿಯಮ ಹೇಳುತ್ತದೆ. ನಿಜ ಹೇಳ್ತೀನಿ, ಎಷ್ಟೋ ಸಲ ಸುಮ್ನೆ ಸಹಿ ಹಾಕಿ, ಊಟ ಮಾಡಿ, ಬ್ಯಾಗು ಹಿಡಿದುಕೊಂಡು ಬಂದಿದ್ದೇನೆ.

ಈ ಸಲ ಹಾಗಲ್ಲ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು, ಅಲ್ವಾ? ನಮ್ಮಂಥ ಸಣ್ಣ ಊರಿನ ಡಾಕ್ಟರಿಗೆ ಇದು ಗದ್ದೆ ಕೆಲಸ ಶುರುವಾದಾಗಿನ ದಿನನಿತ್ಯದ ಪಾಡು.

ಹಿಂದೊಮ್ಮೆ ಇಂಥದ್ದೇ ಉಪನ್ಯಾಸದಲ್ಲಿ ಒಂದು ಗಾಜಿನ ಟ್ಯೂಬು ತೋರಿಸಿದ್ದರು. 2 ಎಂಎಲ್ ರಕ್ತ ಹಾಕಿ, ಅಲ್ಲಾಡಿಸದೆ 20 ನಿಮಿಷ ಬಿಟ್ಟು, ಆಮೇಲೆ ಬಗ್ಗಿಸಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತಕ್ಕೆ ಏರಿದೆ ಅಂತ ಲೆಕ್ಕ. ಟ್ಯೂಬು ಪ್ಲಾಸ್ಟಿಕ್ ಆಗಿರಬಾರದು, ಸೋಪಿನ ಪುಡಿಯಲ್ಲಿ ತೊಳೆದದ್ದೂ ಆಗಬಾರದು, ಫಲಿತಾಂಶ ತಪ್ಪಾಗುತ್ತೆ. ನಾನು ವರ್ಷಗಟ್ಟಲೆ ತೊಳೆದದ್ದನ್ನೇ ಬಳಸಿದ್ದೆ! ಹಿಂದಿನ ಸಾಲಿನಲ್ಲಿ ಕೂತು ಮೆಲ್ಲಗೆ ತಲೆ ತಗ್ಗಿಸಿದೆ.

ಈ ಸಲ ಕೇಳಬೇಕಾದ್ದು ಬೇರೆ. ನಮ್ಮಲ್ಲಿ ಸಿಗುವ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಮಲೆನಾಡಿನ ತೋಟದಲ್ಲಿ ಕಚ್ಚುವ ಗುಳಿಮಂಡಲಕ್ಕೆ ಏನು ಮಾಡೋಣ? ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಊಟಕ್ಕೆ ಮುಂಚೆಯೇ ಕೇಳ್ತೀನಿ, ಆಮೇಲೆ ಅರ್ಧ ಹಾಲ್ ಖಾಲಿ.