‘ಇಫ್‌ಡೆಫ್ ಎಲ್ಲೆಲ್ಲಿ ಹಾಕಬೇಕ್ರಿ ಸರ್?’

ಹುಬ್ಬಳ್ಳಿ ವಿದ್ಯಾನಗರದ ಕಾಲೇಜು ಹುಡುಗರು ಪ್ರಾಜೆಕ್ಟ್ ಹಿಡಿದುಕೊಂಡು ಬಂದರೆ ಮೊದಲು ಕೇಳೋದು ಇದನ್ನೇ. “ಸರ್, ಕೋಡ್ ವಿಂಡೋಸ್‌ನ್ಯಾಗ ಚಲೋ ಓಡತೈತ್ರಿ, ಲಿನಕ್ಸ್‌ನ್ಯಾಗ ಕಂಪೈಲ್ ಆಗವಲ್ದು. ಇಫ್‌ಡೆಫ್ ಎಲ್ಲೆಲ್ಲಿ ಹಾಕಬೇಕ್ರಿ?”

ಇಫ್‌ಡೆಫ್ ಅಂದರೆ, ಇಂಥ ಹೆಸರು (ಮ್ಯಾಕ್ರೋ) ಇದ್ದರೆ ಮಾತ್ರ ಮುಂದಿನ ಸಾಲುಗಳನ್ನು ಕಂಪೈಲ್ ಮಾಡು, ಅಂದರೆ ಯಂತ್ರದ ಭಾಷೆಗೆ ತಿರುಗಿಸು, ಅನ್ನುವ ಸಿ ಭಾಷೆಯ ಸೂಚನೆ. ಅದನ್ನು ಒಂದೇ ಕಡೆ ಹಾಕಿ, ಅದೂ ಬೇಕೇ ಬೇಕು ಅಂದಾಗ ಮಾತ್ರ. ನನ್ನ ಉತ್ತರ ಅಷ್ಟೇ.

ಇದನ್ನು ನಾನು ಕಲಿತದ್ದು ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ. ಕಾಟಾದಿಂದ ತೂಕ ಓದಿ ಚೀಟಿ ತೆಗೆಯುವ ಸಿ ಪ್ರೋಗ್ರಾಂ ಅದು. ವಿಂಡೋಸ್ ಕಂಪ್ಯೂಟರ್ ಕೆಟ್ಟಿತ್ತು, ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಮೇಲೆ ಓಡಿಸಬೇಕಿತ್ತು. ‘ವಿಂಡೋಸ್ ಡಾಟ್ ಎಚ್’ ಅನ್ನುವ ಹೆಡರ್ ಫೈಲ್ ಅಲ್ಲಿಲ್ಲ, ‘ಯುನಿಎಸ್‌ಟಿಡಿ ಡಾಟ್ ಎಚ್’ ಸೇರಿಸಿದೆ. ಇಷ್ಟು ಹೊತ್ತು ಕಾಯಿ ಅನ್ನುವ ಫಂಕ್ಷನ್ ಸ್ಲೀಪ್. ವಿಂಡೋಸ್‌ನ ಸ್ಲೀಪ್ ದೊಡ್ಡ ಎಸ್‌ನದು, ಲಿನಕ್ಸ್‌ನದು ಚಿಕ್ಕ ಎಸ್‌ನದು. ಒಂದು ಹೆಸರಿನ ಜಾಗದಲ್ಲಿ ಇನ್ನೊಂದನ್ನು ಇಡುವ ಡಿಫೈನ್ ಸಾಲು ಬರೆದು, ದೊಡ್ಡ ಎಸ್‌ನದನ್ನು ಚಿಕ್ಕ ಎಸ್‌ನದಕ್ಕೆ ಜೋಡಿಸಿದೆ. ಕಂಪೈಲ್ ಆಯಿತು.

ಮೊದಲ ಚೀಲದ ತೂಕ ಬಂತು. ಎರಡನೇ ಚೀಲ ಇಟ್ಟರು, ಸ್ಕ್ರೀನಿನ ಅಂಕಿ ಬದಲಾಗಲಿಲ್ಲ. ಹಮಾಲರು ಮುಂದಿನ ಚೀಲ ಹೊತ್ತು ಹಾಗೇ ನಿಂತಿದ್ದರು, ರೈತ ನನ್ನ ಮುಖ ನೋಡುತ್ತಿದ್ದ. ವಿಂಡೋಸ್‌ನ ಸ್ಲೀಪ್ ಮಿಲಿಸೆಕೆಂಡ್ ಎಣಿಸುತ್ತದೆ, ಲಿನಕ್ಸ್‌ನದು ಸೆಕೆಂಡ್. ಕೋಡಿನಲ್ಲಿದ್ದ 1000 ಅಂದರೆ ಅಲ್ಲಿ ಒಂದು ಸೆಕೆಂಡ್, ಇಲ್ಲಿ 16 ನಿಮಿಷ 40 ಸೆಕೆಂಡ್!

ಅದನ್ನು ಸರಿ ಮಾಡಿದರೆ ದರದ ಫೈಲ್ ಓದುವ ಲೂಪ್ ನಿಲ್ಲಲಿಲ್ಲ. ಫೈಲಿನಿಂದ ಒಂದೊಂದೇ ಅಕ್ಷರ ಓದುವ ಎಫ್‌ಗೆಟ್‌ಸಿ ಕೊಟ್ಟಿದ್ದನ್ನು ಒಂದು ಬೈಟಿನ ಚಾರ್ ಟೈಪ್‌ನಲ್ಲಿ ಇಟ್ಟಿದ್ದರು. ಇಂಟೆಲ್ ಮೇಲೆ ಸುಮ್ನೆ ಚಾರ್ ಅಂದರೆ ಮೈನಸ್ ಅಂಕಿಯೂ ಹಿಡಿಯುತ್ತದೆ. ರಾಸ್ಪ್‌ಬೆರಿ ಪೈನಂಥ ಆರ್ಮ್ ಪ್ರೊಸೆಸರ್‌ನ ಲಿನಕ್ಸ್‌ನಲ್ಲಿ ಹಿಡಿಯೋದಿಲ್ಲ. ಫೈಲ್ ಮುಗಿಯಿತು ಅಂತ ಬರುವ ಮೈನಸ್ 1 ಅಲ್ಲಿ 255 ಆಗುತ್ತದೆ. ಚಾರ್ ತೆಗೆದು, ಎರಡೂ ಕಡೆ ಮೈನಸ್ ಅಂಕಿ ಹಿಡಿಯುವ ಇಂಟ್ ಮಾಡಿದೆ, ಎರಡೂ ಕಡೆ ಸರಿಹೋಯಿತು. ನೋಡಿ, ಇಲ್ಲಿ ಇಫ್‌ಡೆಫ್ ಬೇಕಾಗಲೇ ಇಲ್ಲ. ಲಾಂಗ್ ಅನ್ನುವ ಪೂರ್ಣಾಂಕದ ಟೈಪ್ ಕೂಡ ಹಾಗೇ. 64 ಬಿಟ್ ವಿಂಡೋಸ್‌ನಲ್ಲಿ ಅದು 4 ಬೈಟ್, 64 ಬಿಟ್ ಲಿನಕ್ಸ್‌ನಲ್ಲಿ 8. ‘ಎಸ್‌ಟಿಡಿಇಂಟ್ ಡಾಟ್ ಎಚ್’ ಸೇರಿಸಿ, ಅಳತೆ ಹೇಳಿರುವ ಟೈಪ್ ಬಳಸಿದರೆ ಮುಗಿಯಿತು.

ಇನ್ನು ಮ್ಯಾಕ್ರೋ ಹೆಸರುಗಳು. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಮುಂದೆ ಅಂಡರ್‌ಸ್ಕೋರ್ ಇರುವ ವಿನ್32 ಅನ್ನು ಕಂಪೈಲರೇ ಕೊಡುತ್ತದೆ, 64 ಬಿಟ್ ವಿಂಡೋಸ್‌ನಲ್ಲೂ ಅದು ಇರುತ್ತದೆ. ಅಂಡರ್‌ಸ್ಕೋರ್ ಇಲ್ಲದ ವಿನ್32 ಅನ್ನು ನಂಬಬೇಡಿ. ಆಂಡ್ರಾಯ್ಡ್‌ನಲ್ಲಿ ಲಿನಕ್ಸ್ ಮ್ಯಾಕ್ರೋನೂ ಇರುತ್ತದೆ, ಹಾಗಾಗಿ ಆಂಡ್ರಾಯ್ಡನ್ನು ಮೊದಲು ಕೇಳಬೇಕು. ಕ್ಲ್ಯಾಂಗ್ ಅನ್ನುವ ಕಂಪೈಲರ್ ಕೂಡ ಇನ್ನೊಂದು ಕಂಪೈಲರ್ ಆದ ಜಿಸಿಸಿಯ ಗುರುತನ್ನೇ ತೋರಿಸುತ್ತದೆ, ಅಲ್ಲೂ ಕ್ಲ್ಯಾಂಗೇ ಮೊದಲು. ಹೆಸರು ತಪ್ಪಾಗಿ ಟೈಪ್ ಮಾಡಿದರೂ ಮುಂದೆ ಹ್ಯಾಷ್ ಇರುವ ಇಫ್ ಸಾಲಿನಲ್ಲಿ ಅದು ಸದ್ದಿಲ್ಲದೆ ಸೊನ್ನೆ ಆಗಿಬಿಡುತ್ತದೆ. ಜಿಸಿಸಿಯ ‘ಡಬ್ಲ್ಯೂಅನ್‌ಡೆಫ್’ ಎಚ್ಚರಿಕೆ ಹಾಕಿಟ್ಟರೆ ಇಫ್ ಸಾಲಿನ ಈ ತಪ್ಪು ಸಿಕ್ಕಿಬೀಳುತ್ತದೆ. ಇಫ್‌ಡೆಫ್ ಸಾಲಿನ ತಪ್ಪು ಅದಕ್ಕೂ ಕಾಣೋದಿಲ್ಲ.

ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಖಾಲಿ ಸಿ ಫೈಲಿಗೆ ಜಿಸಿಸಿ ಹಚ್ಚಿ. ಹೈಫನ್, ಚಿಕ್ಕ ಡಿ, ದೊಡ್ಡ ಎಂ. ಆಮೇಲೆ ಹೈಫನ್, ದೊಡ್ಡ ಇ. ಆ ಕಂಪೈಲರ್ ತಾನಾಗಿ ಇಟ್ಟುಕೊಂಡ ಮ್ಯಾಕ್ರೋಗಳೆಲ್ಲ ಪರದೆ ಮೇಲೆ ಬರುತ್ತವೆ.

ಬ್ಯಾಡಗಿಯ ಕೋಡಿನಲ್ಲಿ ಈಗ ‘ಇಷ್ಟು ಮಿಲಿಸೆಕೆಂಡ್ ಕಾಯಿ’, ‘ಕಾಟಾ ಪೋರ್ಟ್ ತೆರೆ’ ಅನ್ನುವ ನಮ್ಮದೇ ಎರಡು ಫಂಕ್ಷನ್ ಇವೆ. ಅವುಗಳ ಒಳಗೆ ವಿಂಡೋಸ್‌ಗೆ ಒಂದು ದಾರಿ, ಲಿನಕ್ಸ್‌ಗೆ ಒಂದು ದಾರಿ. ಇಫ್‌ಡೆಫ್ ಇರೋದು ಆ ಒಂದು ಫೈಲಿನಲ್ಲಿ ಮಾತ್ರ. ಆಮೇಲೆ ಗದಗಿನ ಒಂದು ಅಂಗಡಿಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಅದನ್ನೇ ಕಂಪೈಲ್ ಮಾಡಿದೆ. ಚೀಟಿ ತೆಗೆಯುವ ಕೋಡನ್ನು ಒಂದು ಸಾಲೂ ಮುಟ್ಟಲಿಲ್ಲ.