ಕೀರ್ತಿ ಮಾತ್ರ ಎಣ್ಣೆಗೆ

ಮೊನ್ನೆ ರಾತ್ರಿ ಪಾದದ ಸೆಳೆತ ಮತ್ತೆ ಬಂತು. ಸುಮಾರು 3 ಗಂಟೆ. ಎಡಗಾಲಿನ ಅಂಗಾಲನ್ನು ಯಾರೋ ಹಗ್ಗ ಹಾಕಿ ಬಿಗಿದ ಹಾಗೆ. ಲೈಟ್ ಹಾಕಿ ನೋಡಿದರೆ ಹೆಬ್ಬೆರಳು ಒಂದು ದಿಕ್ಕಿಗೆ, ಉಳಿದ ನಾಲ್ಕು ಇನ್ನೊಂದು ದಿಕ್ಕಿಗೆ. ಮುಟ್ಟಿದರೆ ಕಲ್ಲು.

ಮೊದಲೆಲ್ಲ ಕೂಗಿ ಮನೆಯವರನ್ನೆಲ್ಲ ಎಬ್ಬಿಸುತ್ತಿದ್ದೆ. "ನರ ಹಿಡ್ಕೊಂಡಿದೆ ಕಣಮ್ಮ" ಅಂತ ಅತ್ತೆ ಕೊಬ್ಬರಿ ಎಣ್ಣೆ ಬಿಸಿ ಮಾಡಲು ಹೋಗುತ್ತಿದ್ದರು. ಎಣ್ಣೆ ಬಿಸಿಯಾಗುವಷ್ಟರಲ್ಲಿ ಸೆಳೆತ ತಾನೇ ಬಿಟ್ಟಿರುತ್ತಿತ್ತು. ಕೀರ್ತಿ ಮಾತ್ರ ಎಣ್ಣೆಗೆ! ಅಸಲಿಗೆ ಹಿಡಿಯುವುದು ನರ ಅಲ್ಲ, ಸ್ನಾಯು.

ಪೊಟ್ಯಾಶಿಯಂ ಕಮ್ಮಿಯಾದರೆ ಸೆಳೆತ ಬರುತ್ತೆ, ಬಾಳೆಹಣ್ಣಿನಲ್ಲಿ ಅದಿದೆ ಅಂತ ಯಾರೋ ಹೇಳಿದ್ದಕ್ಕೆ ಒಂದು ತಿಂಗಳು ದಿನಾ ಎರಡು ಬಾಳೆಹಣ್ಣು ತಿಂದೆ. ಏನೂ ಆಗಲಿಲ್ಲ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಪೊಟ್ಯಾಶಿಯಂ ಸರಿಯಾಗಿಯೇ ಇತ್ತು.

ಡಾಕ್ಟರು ಕೇಳಿದ್ದು ಬೇರೆಯೇ. ನಾನು ಹೈಸ್ಕೂಲ್ ಟೀಚರ್, ವಯಸ್ಸು 52. ದಿನಕ್ಕೆ 6 ಪೀರಿಯಡ್ ಸಿಮೆಂಟ್ ನೆಲದ ಮೇಲೆ, ತೆಳು ಚಪ್ಪಲಿಯಲ್ಲಿ ನಿಂತೇ ಪಾಠ. ಟಾಯ್ಲೆಟ್ಟಿನ ಸ್ಥಿತಿ ನೆನೆಸಿಕೊಂಡು ಸಂಜೆವರೆಗೆ ನೀರೇ ಕುಡಿಯುತ್ತಿರಲಿಲ್ಲ (ಟೀಚರುಗಳಿಗೆ ಇದು ಗೊತ್ತಿರುತ್ತೆ ಅಲ್ವಾ?). ಜೊತೆಗೆ ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆ. ಅದನ್ನು ನೀವಾಗಿ ನಿಲ್ಲಿಸಬೇಡಿ ಎಂದು ಎರಡು ಸಲ ಹೇಳಿದರು. ಇನ್ನೊಂದು ನಾನು ಯೋಚಿಸಿಯೇ ಇರಲಿಲ್ಲ. ಚಿಕ್ಕಮಗಳೂರಿನ ಚಳಿಗೆ ಹೊದೆಯುವ ದಪ್ಪ ಕಂಬಳಿ ರಾತ್ರಿಯೆಲ್ಲ ಬೆರಳುಗಳನ್ನು ಕೆಳಕ್ಕೆ ಒತ್ತುತ್ತೆ. ಹಾಗೆ ಮುದುಡಿಕೊಂಡಿರುವ ಸ್ನಾಯು ಬೇಗ ಸೆಟೆಯುತ್ತಂತೆ. ಈಗ ಪಾದದ ಕಡೆ ಕಂಬಳಿ ಸಡಿಲ ಬಿಡುತ್ತೇನೆ.

ಬಂದ ಕೂಡಲೇ ಮಾಡುವುದು ಇಷ್ಟೇ. ಬೆರಳುಗಳನ್ನು ಹಿಡಿದು ನಿಧಾನಕ್ಕೆ ಮೊಣಕಾಲಿನ ಕಡೆ ಎಳೆಯುವುದು, ಜಗ್ಗಬಾರದು. ಇನ್ನೊಂದು ಕೈಯಲ್ಲಿ ಅಂಗಾಲಿನ ಗುಳಿಯನ್ನು ಹಿಮ್ಮಡಿವರೆಗೆ ಒತ್ತಿ ಉಜ್ಜುವುದು. ಸ್ವಲ್ಪ ಬಿಟ್ಟ ಮೇಲೆ ಎದ್ದು ಪೂರ್ತಿ ಪಾದ ಊರಿ ನಿಲ್ಲುವುದು. ಮಲಗುವ ಮುಂಚೆ ಗೋಡೆಗೆ ಕೈ ಕೊಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗಿ 30 ಸೆಕೆಂಡ್ ನಿಲ್ಲುತ್ತೇನೆ. ಮೀನಖಂಡ ಚೆನ್ನಾಗಿ ಎಳೆಯುತ್ತೆ. ವಾರಕ್ಕೆ ಮೂರು ಸಲ ಬರುತ್ತಿದ್ದದ್ದು ಈಗ ತಿಂಗಳಿಗೊಂದು.

ನಡೆಯುವಾಗ ಕಾಲು ಹಿಡಿದು, ನಿಂತ ಕೂಡಲೇ ಬಿಟ್ಟರೆ ಅದು ರಕ್ತನಾಳದ ತೊಂದರೆ ಇರಬಹುದು. ಕಾಲು ಊದಿದರೆ, ಜೋಮು ಬಿಡದಿದ್ದರೆ ಕೂಡ ಸುಮ್ನೆ ಕೂರದೆ ತೋರಿಸಿ.

ಟಿವಿ ನೋಡುತ್ತಾ ಅಂಗಾಲಡಿ ಹಳೆ ಲಟ್ಟಣಿಗೆ ಉರುಳಿಸುವುದು ನನ್ನದೇ ಐಡಿಯಾ. ಅದು ತಪ್ಪಿಯೂ ಚಪಾತಿಗೆ ಬರಬಾರದು ಅಂತ ಅತ್ತೆ ಹಿಡಿಗೆ ಕೆಂಪು ದಾರ ಕಟ್ಟಿದ್ದಾರೆ.